ದೊರೆಗಳು ಬದಲಾದರು, ಪದಕ ಉಳಿಯಿತು

2011ರ ಡಿಸೆಂಬರ್‌ನಲ್ಲಿ ನಮ್ಮ ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ಮಹಾಬಲಿಪುರ, ಪಾಂಡಿಚೇರಿ ಪ್ರವಾಸಕ್ಕೆ ಹೋಗಿದ್ದೆವು. ಮಕ್ಕಳೆಲ್ಲ ಕಡಲ ದಂಡೆಯಲ್ಲಿ ಕಡಲೆಕಾಯಿ ಮೆಲ್ಲುತ್ತಿದ್ದಾಗ ಅವರನ್ನು ಡ್ರಿಲ್ ಮೇಷ್ಟರ ಸುಪರ್ದಿಗೆ ಒಪ್ಪಿಸಿ ನಾನು ಹಳೇ ಸಾಮಾನಿನ ಅಂಗಡಿಯೊಂದಕ್ಕೆ ನುಗ್ಗಿದೆ. ಪಾಂಡಿಚೇರಿ 1954ರವರೆಗೆ ಫ್ರೆಂಚರ ಕೈಯಲ್ಲಿದ್ದ ಊರು. ಫ್ರೆಂಚ್ ಸೈನ್ಯದಲ್ಲಿ ದುಡಿದು ಬಂದವರ ಮನೆತನಗಳು ಅಲ್ಲಿವೆ. ಮುರಿದ ಗ್ರಾಮಫೋನು, ಹಿತ್ತಾಳೆ ದೀಪ, ಕೈಯಿಲ್ಲದ ಗೊಂಬೆಗಳ ನಡುವೆ ಗಾಜಿನ ಪೆಟ್ಟಿಗೆಯೊಂದರಲ್ಲಿ ಬಿಳಿಯ ನಕ್ಷತ್ರವೊಂದು ಕಣ್ಣಿಗೆ ಬಿತ್ತು. ಐದು ಕವಲು, ಪ್ರತಿ ಕವಲಿಗೂ ಎರಡೆರಡು ಮೊನೆ, ಸುತ್ತ ಹಸಿರೆಲೆಗಳ ಹಾರ, ಮೇಲೊಂದು ಪುಟ್ಟ ಕಿರೀಟ, ಅದಕ್ಕೊಂದು ಕೆಂಪು ರಿಬ್ಬನ್. ನಡುವಿನ ಚಿನ್ನದ ಬಿಲ್ಲೆಯಲ್ಲಿ ಗಡ್ಡದ ಮುಖ.

‘ನೆಪೋಲಿಯನ್ ಮೆಡಲ್ ಸಾರ್, ಇನ್ನೂರು ವರ್ಷದ್ದು’ ಎಂದ ಅಂಗಡಿಯಾತ.

ನೆಪೋಲಿಯನ್‌ಗೆ ಗಡ್ಡವಿರಲಿಲ್ಲ ಎನ್ನುವಷ್ಟು ಇತಿಹಾಸ ವಿಜ್ಞಾನದ ಮೇಷ್ಟರಿಗೂ ಗೊತ್ತಿರುತ್ತದೆ. ಆದರೂ ಕೊಂಡೆ. ಎಂಟು ಸಾವಿರ ರೂಪಾಯಿ. ಮನೆಯಲ್ಲಿ ಹೇಳಿದ್ದು ಎಂಟುನೂರು. ಈ ಬರಹ ಅಚ್ಚಾದ ಮೇಲೆ ನನ್ನ ಗತಿಯನ್ನು ಓದುಗರೇ ಊಹಿಸಿಕೊಳ್ಳಬಹುದು.

ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣ ಕೂಡಿಡುವವರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದಾರೆ. ಯುರೋಪಿನ ರಾಜಮನೆತನಗಳ ‘ಆರ್ಡರ್’ಗಳನ್ನು ಕೂಡಿಡುವ ಹುಚ್ಚು ನಮ್ಮಲ್ಲಿ ಅಪರೂಪ. ಅಲ್ಲಿಯಾದರೆ ಅದೊಂದು ದೊಡ್ಡ ಲೋಕ. ಅದಕ್ಕೆಂದೇ ಹರಾಜುಗಳು, ದಪ್ಪ ದಪ್ಪ ಕ್ಯಾಟಲಾಗುಗಳು, ಜೀವಮಾನವಿಡೀ ಒಂದೇ ದೇಶದ ಶಿಲುಬೆಗಳ ಬೆನ್ನು ಹತ್ತಿದ ಪಂಡಿತರು. ನಾನು ಅಂಥವನಲ್ಲ. ನನ್ನ ಸಂಗ್ರಹದ ಒಟ್ಟು ಸಂಖ್ಯೆ ಒಂದು. ಆದರೆ ಆ ಒಂದನ್ನು ಅರ್ಥ ಮಾಡಿಕೊಳ್ಳಲು ಹದಿಮೂರು ವರ್ಷಕ್ಕೂ ಮೀರಿ ಓದಿದ್ದೇನೆ.

ಮೊದಲು ಹೆಸರಿನ ಗೊಂದಲ ಬಗೆಹರಿಸೋಣ. ‘ಆರ್ಡರ್’ ಎಂದರೆ ಇಲ್ಲಿ ಆಜ್ಞೆಯಲ್ಲ, ಬಳಗ. ಕ್ರುಸೇಡ್ ಯುದ್ಧಗಳ ಕಾಲದಲ್ಲಿ ಸಂನ್ಯಾಸಿಗಳಂತೆ ವ್ರತ ತೊಟ್ಟು ಕತ್ತಿಯನ್ನೂ ಹಿಡಿದ ಯೋಧರ ಸಂಘಗಳಿದ್ದವು. ಅವನ್ನು ನೋಡಿ ದೊರೆಗಳು ತಂತಮ್ಮ ಆಸ್ಥಾನದಲ್ಲೂ ಅಂಥ ಬಳಗ ಕಟ್ಟಿದರು. ಪದಕ ಎಂದರೆ ಮಾಡಿದ ಕೆಲಸಕ್ಕೆ ಕೊಟ್ಟ ಬಹುಮಾನ. ಆರ್ಡರ್‌ನ ಲಾಂಛನವಾದರೋ ಬಳಗಕ್ಕೆ ಸೇರಿದ್ದರ ಗುರುತು, ಸ್ಕೌಟ್ ಹುಡುಗನ ಕೊರಳ ಸ್ಕಾರ್ಫ್ ಇದ್ದಂತೆ. ಇಂಗ್ಲೆಂಡಿನ ಮೂರನೇ ಎಡ್ವರ್ಡ್ 1348ರಲ್ಲಿ ಸ್ಥಾಪಿಸಿದ ಗಾರ್ಟರ್ ಬಳಗಕ್ಕೆ ದೊರೆ ಮತ್ತು ಯುವರಾಜನನ್ನು ಬಿಟ್ಟರೆ 24 ಮಂದಿಗಷ್ಟೇ ಪ್ರವೇಶ. ಅದರ ಲಾಂಛನ ಏನು ಗೊತ್ತೆ? ಮಂಡಿಯ ಕೆಳಗೆ ಕಟ್ಟುವ ನೀಲಿ ಕಾಲುಪಟ್ಟಿ!

ನನಗೆ ಹೆಚ್ಚು ಇಷ್ಟವಾದದ್ದು ಬರ್ಗಂಡಿಯ ಡ್ಯೂಕ್ ಫಿಲಿಪ್ 1430ರಲ್ಲಿ, ಪೋರ್ಚುಗಲ್‌ನ ಇಸಬೆಲ್ಲಾಳೊಂದಿಗಿನ ತನ್ನ ಮದುವೆಯ ಸಂಭ್ರಮದಲ್ಲಿ, ಬ್ರೂಜ್ ನಗರದಲ್ಲಿ ಸ್ಥಾಪಿಸಿದ ‘ಗೋಲ್ಡನ್ ಫ್ಲೀಸ್’. ಕೊರಳ ಸರದಿಂದ ಚಿನ್ನದ ಟಗರಿನ ತೊಗಲೊಂದು ಜೋತಾಡುತ್ತಿರುತ್ತದೆ. ಎಲ್ಲರೂ ನೋಡುವುದು ಅದನ್ನು. ನಾನು ಮೆಚ್ಚಿದ್ದು ಸರದ ಕೊಂಡಿಗಳನ್ನು. ಒಂದು ಕೊಂಡಿ ಬೆಂಕಿ ಹೊತ್ತಿಸುವ ಉಕ್ಕಿನ ತುಂಡು, ಮತ್ತೊಂದು ಕಿಡಿ ಕಾರುತ್ತಿರುವ ಚಕಮಕಿ ಕಲ್ಲು! ನಮ್ಮಜ್ಜ ಬೀಡಿ ಹೊತ್ತಿಸುತ್ತಿದ್ದುದು ಇದೇ ಸಲಕರಣೆಯಿಂದ. ಚಕಮಕಿಗೆ ಉಕ್ಕು ತಾಗಿದಾಗ ಹಾರುವ ಕಿಡಿ ಕಲ್ಲಿನದಲ್ಲ, ಕಿತ್ತುಬಂದ ಉಕ್ಕಿನ ಪುಡಿ ಗಾಳಿಯಲ್ಲಿ ಉರಿಯುವುದು ಎಂದು ನಾನು ಒಂಬತ್ತನೇ ತರಗತಿಗೆ ಹೇಳುವಾಗ ಈ ಸರದ ಚಿತ್ರ ತೋರಿಸುತ್ತೇನೆ. ಡೆನ್ಮಾರ್ಕಿನ ಅತ್ಯುನ್ನತ ಬಳಗದ ಲಾಂಛನವಂತೂ ಬಿಳಿಯ ಆನೆ. ಬೆನ್ನ ಮೇಲೆ ಗೋಪುರ, ಕತ್ತಿನ ಮೇಲೆ ಮಾವುತ. ಐದನೇ ಕ್ರಿಶ್ಚಿಯನ್ ದೊರೆ ಅದಕ್ಕೆ ಈಗಿನ ರೂಪ ಕೊಟ್ಟದ್ದು 1693ರಲ್ಲಿ. ಆನೆಯೇ ಇಲ್ಲದ ದೇಶಕ್ಕೆ ಆನೆಯ ಗೌರವ!

ಈ ಮೂರಕ್ಕೂ ಸಾಮಾನ್ಯವಾದ ಕಟ್ಟಳೆಯೊಂದಿದೆ. ಬಳಗದವನು ಸತ್ತರೆ ದೊರೆ ಕೊಟ್ಟ ಲಾಂಛನ ದೊರೆಯ ಭಂಡಾರಕ್ಕೆ ಮರಳಬೇಕು. ಅದು ಮಕ್ಕಳಿಗೆ ಬರುವ ಆಸ್ತಿಯಲ್ಲ. ಹಾಗಾದರೆ ಹರಾಜಿಗೆ ಬರುವುದು ಏನು? ಶ್ರೀಮಂತರು ನಿತ್ಯ ಧರಿಸಲೆಂದು ಸ್ವಂತ ಖರ್ಚಿನಲ್ಲಿ ಅಕ್ಕಸಾಲಿಗರಿಂದ ಮಾಡಿಸಿಕೊಂಡ ಜೊತೆಗಳು. ಅಲ್ಲದೆ ಹಿಂದಿರುಗಿಸಬೇಕಾದ ಕಟ್ಟಳೆಯಿಲ್ಲದ ಕೆಳದರ್ಜೆಯ ಶಿಲುಬೆಗಳು. ಮತ್ತೆ, ಹಿಂದಿರುಗಿಸಲು ದೊರೆಯೇ ಉಳಿಯದೆ ಹೋದಾಗ ಬೀದಿಗೆ ಬಂದವು. 1917ರ ಕ್ರಾಂತಿಯ ನಂತರ ರಷ್ಯಾ ಬಿಟ್ಟು ಓಡಿದ ಅಧಿಕಾರಿಗಳು ಪ್ಯಾರಿಸ್‌ನಲ್ಲಿ ತಮ್ಮ ಎದೆಯ ಶಿಲುಬೆಗಳನ್ನು ಮಾರಿ ಹೊಟ್ಟೆ ಹೊರೆದರು. ಗಿರವಿ ಅಂಗಡಿಯಲ್ಲಿ ತಾಳಿಯ ಗುಂಡು ಬಿಚ್ಚಿಕೊಟ್ಟವರನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ನನ್ನ ಗಡ್ಡದ ಸಾಹೇಬರ ಕಥೆ. ನಾನು ಕೊಂಡದ್ದು ಫ್ರಾನ್ಸಿನ ‘ಲೀಜನ್ ಆಫ್ ಆನರ್’ನ ಬೆಳ್ಳಿಯ ಶಿಲುಬೆ. ಐದು ಕವಲಿದ್ದರೂ ಅದನ್ನು ಶಿಲುಬೆ ಎಂದೇ ಕರೆಯುತ್ತಾರೆ. ನೆಪೋಲಿಯನ್ ಈ ಬಳಗವನ್ನು ಹುಟ್ಟುಹಾಕಿದ್ದು 1802ರಲ್ಲಿ. ಆಗಿನ್ನೂ ಅವನು ಚಕ್ರವರ್ತಿಯಲ್ಲ. ಕ್ರಾಂತಿಕಾರಿಗಳು ದೊರೆಗಳ ಹಳೆಯ ಬಳಗಗಳನ್ನೆಲ್ಲ ಅಳಿಸಿಹಾಕಿ ಹತ್ತು ವರ್ಷವಾಗಿತ್ತು. ಇವನು ಕುಲ ನೋಡದೆ, ಸಿಪಾಯಿಗೂ ವಿಜ್ಞಾನಿಗೂ ಒಂದೇ ಗೌರವ ಎಂದ. 1804ರ ಜುಲೈ 15ರಂದು ಪ್ಯಾರಿಸ್‌ನಲ್ಲಿ, ಮರುತಿಂಗಳು ಬುಲೋನ್ ಸೈನ್ಯಶಿಬಿರದಲ್ಲಿ ಶಿಲುಬೆಗಳನ್ನು ಹಂಚಿದ. ನಡುವಿನ ಬಿಲ್ಲೆಯಲ್ಲಿ ಒಂದು ಕಡೆ ಅವನದೇ ಮುಖ, ಇನ್ನೊಂದು ಕಡೆ ಹದ್ದು.

ಹತ್ತು ವರ್ಷಕ್ಕೆ ಅವನ ರಾಜ್ಯ ಮುಳುಗಿತು. 1814ರಲ್ಲಿ ಹಳೆಯ ಬೂರ್ಬನ್ ವಂಶದ ಹದಿನೆಂಟನೇ ಲೂಯಿ ಗದ್ದುಗೆಗೆ ಬಂದ. ಸಾವಿರಾರು ಸೈನಿಕರ ಎದೆಯ ಮೇಲೆ ಶತ್ರುವಿನ ಮುಖ! ಬಳಗವನ್ನೇ ರದ್ದು ಮಾಡಿದರೆ ಸೈನ್ಯ ದಂಗೆ ಎದ್ದೀತು. ದೊರೆ ಜಾಣತನ ಮಾಡಿದ. ಬಳಗ ಇರಲಿ, ಶಿಲುಬೆ ಇರಲಿ, ನಡುವಿನ ಮುಖ ಮಾತ್ರ ಬದಲಾಗಲಿ ಎಂದ. ನೆಪೋಲಿಯನ್ ಹೋಗಿ ಬೂರ್ಬನ್ನರ ಮೂಲಪುರುಷ, ಜನಪ್ರಿಯ ದೊರೆ ನಾಲ್ಕನೇ ಹೆನ್ರಿ ಬಂದ. ಹಿಂಬದಿಯ ಹದ್ದು ಹಾರಿಹೋಗಿ ಮೂರು ಲಿಲ್ಲಿ ಹೂಗಳು ಬಂದವು. ಅದೇ ಕಾಲದಲ್ಲಿ ಪ್ಯಾರಿಸ್ ಸೇತುವೆಯ ಮೇಲೆ ಹೆನ್ರಿಯ ಕಂಚಿನ ಪ್ರತಿಮೆ ಎರಕ ಹೊಯ್ದದ್ದೂ ಕರಗಿಸಿದ ನೆಪೋಲಿಯನ್ ವಿಗ್ರಹದ ಲೋಹ ಬಳಸಿಯೇ. 1830ರಲ್ಲಿ ಮತ್ತೊಂದು ಕ್ರಾಂತಿ. ಲಿಲ್ಲಿ ಹೋಗಿ ತ್ರಿವರ್ಣ ಬಾವುಟಗಳು ಬಂದವು, ಹೆನ್ರಿ ಉಳಿದ. 1848ರ ಗಣರಾಜ್ಯ ಕಿರೀಟವನ್ನು ತೆಗೆದು ಬೋನಪಾರ್ಟೆಯನ್ನು ಮರಳಿ ತಂದಿತು. 1852ರ ಸಾಮ್ರಾಜ್ಯ ಕಿರೀಟವನ್ನು ಮತ್ತೆ ಏರಿಸಿತು. 1870ರಿಂದ ಗಣರಾಜ್ಯದ ಪ್ರತೀಕವಾದ ಹೆಣ್ಣಿನ ಮುಖ ಬಂದಿದೆ. ಒಂದೇ ಶಿಲುಬೆಯಲ್ಲಿ ಒಂದು ದೇಶದ ಎಪ್ಪತ್ತು ವರ್ಷದ ಚರಿತ್ರೆ!

ಪ್ರತಿ ಸಲ ಹೊಸ ಶಿಲುಬೆ ಕೊಳ್ಳಲು ಬಡ ಸೈನಿಕನ ಬಳಿ ದುಡ್ಡೆಲ್ಲಿ? ಅಕ್ಕಸಾಲಿಗನ ಬಳಿ ಹೋಗಿ ನಡುವಿನ ಬಿಲ್ಲೆಯನ್ನಷ್ಟೇ ಕೀಳಿಸಿ ಹೊಸದನ್ನು ಕೂರಿಸಿಕೊಂಡವರು ಬಹಳ ಮಂದಿ. ಇಂಥ ‘ಮುಖ ಬದಲಾದ’ ಶಿಲುಬೆಗಳನ್ನು ಹುಡುಕಿ ಕೂಡಿಡುವ ಸಂಗ್ರಾಹಕರೇ ಇದ್ದಾರೆ.

ನನ್ನದು ಯಾವುದು? ಹಿಂಬದಿಯಲ್ಲಿ ಲಿಲ್ಲಿ ಹೂಗಳಿದ್ದವು. ಅಂದರೆ 1814ರಿಂದ 1830ರ ನಡುವಿನದು. ಅಸಲಿಯಾಗಿದ್ದರೆ ತಾನೆ?

ಪರೀಕ್ಷೆ ಶುರುವಾಯಿತು. ರಿಬ್ಬನ್ ಕಳಚಿಟ್ಟು, ಶಾಲೆಯ ಪ್ರಯೋಗಾಲಯದ ತಕ್ಕಡಿಯಲ್ಲಿ ಮೊದಲು ಗಾಳಿಯಲ್ಲಿ, ಬಳಿಕ ದಾರ ಕಟ್ಟಿ ನೀರಿನಲ್ಲಿ ತೂಗಿದೆ. ಆರ್ಕಿಮಿಡೀಸ್ ತತ್ವ ಕಲಿಸುವವನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಬೆಳ್ಳಿಯ ಸಾಂದ್ರತೆ 10.5. ನನ್ನ ಲೆಕ್ಕಕ್ಕೆ ಬಂದದ್ದು 7.6. ಹಿತ್ತಾಳೆಯದೂ 8.5ರ ಆಸುಪಾಸು, ಇದು ಅದಕ್ಕಿಂತಲೂ ಕಡೆ! ಎಂಟು ಸಾವಿರ ನೀರುಪಾಲು ಎಂದುಕೊಂಡು ರಾತ್ರಿ ನಿದ್ದೆ ಬರಲಿಲ್ಲ. ಬೆಳಗಿನ ಜಾವ ಹೊಳೆಯಿತು, ಬಿಳಿ ಕವಲುಗಳು ಲೋಹವಲ್ಲ, ಗಾಜು! ಎನಾಮೆಲ್ ಎಂದರೆ ಗಾಜಿನ ಪುಡಿಯನ್ನು ಲೋಹದ ಮೇಲೆ ಹರಡಿ ಸುಮಾರು 800 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕರಗಿಸಿ ಹಿಡಿಸುವುದು. ಕೋಬಾಲ್ಟ್ ಬೆರೆತರೆ ನೀಲಿ, ತಾಮ್ರದಿಂದ ಹಸಿರು, ತವರದ ಆಕ್ಸೈಡಿನಿಂದ ಬಿಳಿ. ಗಾಜಿನ ಸಾಂದ್ರತೆ ಬೆಳ್ಳಿಯ ಕಾಲು ಭಾಗದಷ್ಟು. ಎರಡೂ ಸೇರಿದ ವಸ್ತುವಿಗೆ ನನ್ನ ಲೆಕ್ಕ ಹೊಂದುವುದೇ ಇಲ್ಲ. ಇಪ್ಪತ್ತು ವರ್ಷದ ಹತ್ತಿರ ಕಲಿಸಿದ ಪಾಠವನ್ನು ಮೇಷ್ಟರೇ ತಪ್ಪಾಗಿ ಅನ್ವಯಿಸಿದ್ದರು.

ಮರುದಿನ ಪೇಟೆ ಬೀದಿಯ ಆಚಾರ್ರ ಬಳಿ ಹೋದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು. ಅಂಚನ್ನು ಒರೆಗಲ್ಲಿಗೆ ಅಷ್ಟೇ ಅಷ್ಟು ತಾಗಿಸಿದರು.

‘ಬೆಳ್ಳಿ ಒಳ್ಳೇದೇ ಇದೆ ಮೇಷ್ಟ್ರೇ. ಮಧ್ಯದ್ದು ಚಿನ್ನ. ಆದ್ರೆ ಈ ಉಂಗುರ ಇದರದ್ದಲ್ಲ.’

‘ಹೇಗೆ ಹೇಳ್ತೀರಿ?’

‘ಉಂಗುರ ಓಡಾಡಿ ಓಡಾಡಿ ಕಿರೀಟದ ಕೊಂಡಿ ಎಷ್ಟು ಸವೆದಿದೆ ನೋಡಿ. ಉಂಗುರ ಮಾತ್ರ ಸವೆದೇ ಇಲ್ಲ. ಕೊಂಡಿ ಒಂದೇ ಸವೆಯೋಕೆ ಆಗುತ್ತಾ? ಆಮೇಲೆ ಇದರ ಮೇಲೊಂದು ಮುದ್ರೆ ಇದೆ, ಹಂದಿ ಮುಖದ ಹಾಗೆ.’

ಎರಡು ವಸ್ತು ಉಜ್ಜಿದರೆ ಎರಡೂ ಸವೆಯುತ್ತವೆ ಎಂಬುದನ್ನು ನನಗೆ ನೆನಪಿಸಲು ಆಚಾರ್ರು ಬೇಕಾದರು. ಹಂದಿಯ ವಿಷಯ ಇನ್ನೂ ಸ್ವಾರಸ್ಯ. ಫ್ರಾನ್ಸಿನಲ್ಲಿ ಬೆಳ್ಳಿಯ ಶುದ್ಧತೆಗೆ ಸರಕಾರದವರು ಒತ್ತುತ್ತಿದ್ದ ಮುದ್ರೆ ಕಾಡುಹಂದಿಯ ತಲೆ. ಚಿನ್ನಕ್ಕೆ ಹದ್ದಿನ ತಲೆ. ಇವು ಜಾರಿಗೆ ಬಂದದ್ದು 1838ರಲ್ಲಿ. 1830ಕ್ಕೇ ಮುಗಿದ ಲಿಲ್ಲಿಯ ಶಿಲುಬೆಗೆ 1838ರ ನಂತರದ ಉಂಗುರ! ಹಳೆಯದು ಸವೆದು ಕಡಿದಾಗ ಯಾರೋ ಹೊಸದು ಹಾಕಿಸಿದ್ದಾರೆ. ಅಂದರೆ ಲಿಲ್ಲಿಗಳಿಗೆ ಬೆಲೆ ಹೋದ ಮೇಲೂ ಆ ಮನುಷ್ಯ ಅದನ್ನು ಬಾವುಟಕ್ಕೆ ಬದಲಿಸದೆ ಇಟ್ಟುಕೊಂಡಿದ್ದನೇ? ಅಥವಾ ಎಷ್ಟೋ ಕಾಲದ ನಂತರ ವ್ಯಾಪಾರಿಯೊಬ್ಬ ಮಾಡಿಸಿದ ರಿಪೇರಿಯೇ? ಉಂಗುರ ಇಷ್ಟನ್ನು ಹೇಳಿ ಸುಮ್ಮನಾಗುತ್ತದೆ.

ಮುದ್ರೆ ಓದುವುದು ಈ ಹವ್ಯಾಸದ ಅರ್ಧ ಸುಖ. ರಷ್ಯಾದ ಹಳೆಯ ಶಿಲುಬೆಗಳ ಮೇಲೆ 56 ಎಂದಿದ್ದರೆ ಅದು ಚಿನ್ನ, 84 ಎಂದಿದ್ದರೆ ಬೆಳ್ಳಿ. ಅವರ ತೂಕದಲ್ಲಿ ಒಂದು ಪೌಂಡಿಗೆ 96 ಜೊಲೊಟ್ನಿಕ್. 96ರಲ್ಲಿ 56 ಭಾಗ ಶುದ್ಧ ಚಿನ್ನ, ಅಂದರೆ ನಮ್ಮ ಲೆಕ್ಕಕ್ಕೆ 14 ಕ್ಯಾರಟ್. ಭಾಗಿಸಿ ನೋಡಿ. ಡೆನ್ಮಾರ್ಕಿನ ದಾನೆಬ್ರೋ ಶಿಲುಬೆಯ ಮೇಲೆ ಆಳುವ ದೊರೆಯ ಹೆಸರಿನ ಅಕ್ಷರಗಳೇ ಇರುತ್ತವೆ, ಕಾಲ ಹೇಳುವುದು ಸುಲಭ. ರಷ್ಯಾದಲ್ಲಿ ಇನ್ನೊಂದು ವಿಶೇಷ. 1844ರಿಂದ ಕ್ರೈಸ್ತರಲ್ಲದವರಿಗೆ ಕೊಡುವ ಶಿಲುಬೆಗಳ ನಡುವೆ ಸಂತರ ಚಿತ್ರದ ಬದಲು ಎರಡು ತಲೆಯ ಹದ್ದನ್ನು ಇಟ್ಟರು. ಕಾಕಸಸ್ ಬೆಟ್ಟಗಳ ಮುಸ್ಲಿಂ ಯೋಧರು ‘ಈ ಹಕ್ಕಿ ಬೇಡ, ಎಲ್ಲರಿಗೂ ಕೊಡುವ ಕುದುರೆ ಸವಾರನನ್ನೇ ಕೊಡಿ’ ಎಂದು ಜಗಳ ಕಾದರೆಂಬ ಕಥೆಯುಂಟು. ಕುದುರೆ ಸವಾರ ಎಂದರೆ ಸಂತ ಜಾರ್ಜ್! ಆಗ ಬೇಡವಾದ ಹಕ್ಕಿಗೇ ಈಗ ಸಂಗ್ರಾಹಕರಲ್ಲಿ ಸಂತನಿಗಿಂತ ಹೆಚ್ಚು ಬೆಲೆ.

ನನ್ನ ಮೂರನೇ ಪರೀಕ್ಷೆ ನಡೆದದ್ದು ಸಹಕಾರ ಸಂಘದ ಕೌಂಟರಿನಲ್ಲಿ. ಖೋಟಾ ನೋಟು ಹಿಡಿಯುವ ನೀಲಿ ದೀಪದ ಕೆಳಗೆ ಶಿಲುಬೆ ಇಟ್ಟೆ. ಕೆಂಪು ರಿಬ್ಬನ್ನಿನ ಹೊಲಿಗೆಯ ದಾರ ಪಳಪಳ ಬೆಳಗಿತು. ನಮ್ಮ ಬಟ್ಟೆ ಸೋಪಿನ ಪುಡಿಯಲ್ಲಿರುವಂಥ ಬಿಳುಪುಕಾರಕ ಬೆರೆತ ದಾರ. ಅದು ಬಳಕೆಗೆ ಬಂದದ್ದು ಇಪ್ಪತ್ತನೇ ಶತಮಾನದ ನಡುವಿನಲ್ಲಿ. ರಿಬ್ಬನ್ನಿನ ಒಂದೆಳೆ ಕಿತ್ತು ಸುಟ್ಟೆ. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗಬೇಕು. ಇದು ಕರಗಿ ಮಣಿಯಾಯಿತು. ಎರಡು ಮೊನೆಗಳೂ ಅದೇ ದೀಪದಲ್ಲಿ ಹಾಲಿನಂತೆ ಹೊಳೆದವು. ಉದುರಿದ ಗಾಜಿನ ಜಾಗಕ್ಕೆ ಯಾರೋ ರಾಳದಂಥ ಅಂಟು ತುಂಬಿ ಬಿಳಿ ಬಳಿದಿದ್ದರು. ಸಂಘದ ಗುಮಾಸ್ತರು ‘ನೋಟು ಖೋಟಾನಾ ಸಾರ್?’ ಎಂದು ಇಣುಕಿದರು. ‘ಅರ್ಧ’ ಎಂದೆ.

ಖೋಟಾ ಎನ್ನುವ ಮಾತನ್ನೂ ಇಲ್ಲಿ ಎಚ್ಚರಿಕೆಯಿಂದ ಆಡಬೇಕು. ಪ್ರಷ್ಯದ ಎರಡನೇ ಫ್ರೆಡರಿಕ್ 1740ರಲ್ಲಿ ಸ್ಥಾಪಿಸಿದ ‘ಪೂರ್ ಲ ಮೆರೀತ್’ ನೀಲಿ ಶಿಲುಬೆಯನ್ನೇ ನೋಡಿ. ಜರ್ಮನ್ ಗೌರವಕ್ಕೆ ಫ್ರೆಂಚ್ ಹೆಸರು. ಆಗ ಆಸ್ಥಾನದ ಭಾಷೆ ಫ್ರೆಂಚ್. ಮೊದಲ ಮಹಾಯುದ್ಧದಲ್ಲಿ ಚಿನ್ನಕ್ಕೆ ಬರ ಬಂದು, 1916ರ ಕೊನೆಯಿಂದ ಅದನ್ನು ಚಿನ್ನದ ನೀರು ಕೊಟ್ಟ ಬೆಳ್ಳಿಯಲ್ಲಿ ಮಾಡತೊಡಗಿದರು. ಪಡೆದವರು ಅಸಲಿಯನ್ನು ಮನೆಯಲ್ಲಿಟ್ಟು ರಣರಂಗಕ್ಕೆ ಜೊತೆ ಮಾಡಿಸಿಕೊಂಡು ಹೋಗುತ್ತಿದ್ದರು. ಆ ಜೊತೆ ನಕಲೇ? ವೀರನ ಕೊರಳಲ್ಲಿ ನಿಜವಾಗಿ ಇದ್ದದ್ದು ಅದೇ ಅಲ್ಲವೆ? ಇದಕ್ಕೆ ಸಂಗ್ರಾಹಕರಲ್ಲಿ ಇಂದಿಗೂ ಒಮ್ಮತವಿಲ್ಲ. ನನ್ನನ್ನು ಕೇಳಿದರೆ ಎದೆಯ ಮೇಲಿದ್ದದ್ದಕ್ಕೇ ನನ್ನ ಓಟು.

ನಮ್ಮ ದೇಶಕ್ಕೂ ಈ ಕಥೆಯ ಒಂದು ಕವಲು ಬಂದಿದೆ. 1857ರ ದಂಗೆಯ ನಂತರ, 1861ರಲ್ಲಿ ವಿಕ್ಟೋರಿಯಾ ರಾಣಿ ‘ಸ್ಟಾರ್ ಆಫ್ ಇಂಡಿಯಾ’ ಸ್ಥಾಪಿಸಿದಳು. ಹಿಂದೂ, ಮುಸ್ಲಿಂ ರಾಜರ ಎದೆಗೆ ಶಿಲುಬೆ ಹಾಕುವುದು ಹೇಗೆ? ಸಂತನೂ ಇಲ್ಲ, ಶಿಲುಬೆಯೂ ಇಲ್ಲ. ಒಂದು ನಕ್ಷತ್ರ, ಕಂಠಹಾರದಲ್ಲಿ ತಾವರೆ. ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಅದರ ಅತ್ಯುನ್ನತ ದರ್ಜೆಯವರು. ವಿಶ್ವೇಶ್ವರಯ್ಯನವರು ಅದರ ತಮ್ಮನಂತಿದ್ದ ‘ಇಂಡಿಯನ್ ಎಂಪೈರ್’ ಬಳಗಕ್ಕೆ 1911ರಲ್ಲಿ ಸೇರಿ 1915ರಲ್ಲಿ ‘ಸರ್’ ಆದರು. ಸರ್ ಎಂದಮಾತ್ರಕ್ಕೆ ಬಳಗ ಇರಲೇಬೇಕೆಂದಿಲ್ಲ, 1929ರಲ್ಲಿ ಸಿ. ವಿ. ರಾಮನ್ನರು ಪಡೆದದ್ದು ಯಾವ ಬಳಗಕ್ಕೂ ಸೇರದ ಬಿಡಿ ನೈಟ್ ಪದವಿ. 1947ರ ನಂತರ ಆ ಎರಡೂ ಬಳಗಗಳಿಗೆ ಹೊಸಬರು ಬರುವುದು ನಿಂತಿತು. ಇಂಡಿಯನ್ ಎಂಪೈರ್‌ನ ಕೊನೆಯ ಸದಸ್ಯರಾಗಿ ಉಳಿದಿದ್ದ ಧ್ರಾಂಗಧ್ರದ ಮಹಾರಾಜರು 2010ರಲ್ಲಿ ತೀರಿಕೊಂಡರು. ಬಳಗವೇ ಅಲ್ಲಿಗೆ ಮುಗಿಯಿತು.

ವಜ್ರ ಹೊದ್ದ ಲಾಂಛನಗಳಿಗೆ ಕಳ್ಳರ ಕಾಟವೂ ಹೆಚ್ಚು. ಐರ್ಲೆಂಡಿನ ಸಂತ ಪ್ಯಾಟ್ರಿಕ್ ಬಳಗದ ಆಭರಣಗಳನ್ನು ಡಬ್ಲಿನ್ ಕೋಟೆಯಲ್ಲಿ ಇಟ್ಟಿದ್ದರು. ಅವಕ್ಕೆಂದೇ ಗಟ್ಟಿ ಕೋಣೆ ಕಟ್ಟಿದರೆ, ತಿಜೋರಿ ಅದರ ಬಾಗಿಲಲ್ಲಿ ತೂರಲಿಲ್ಲ! ಹೀಗಾಗಿ ತಿಜೋರಿ ಪುಸ್ತಕದ ಕೋಣೆಯಲ್ಲೇ ಉಳಿಯಿತು. 1907ರ ಜುಲೈ 6ರಂದು, ಏಳನೇ ಎಡ್ವರ್ಡ್ ದೊರೆ ಬರಲು ನಾಲ್ಕೇ ದಿನವಿರುವಾಗ, ನೋಡಿದರೆ ತಿಜೋರಿ ಬರಿದು. ಬೀಗ ಒಡೆದಿರಲಿಲ್ಲ, ಕೀಲಿಯಿಂದಲೇ ತೆಗೆದಿತ್ತು. ಹೊಣೆಹೊತ್ತ ಅಧಿಕಾರಿ ಆರ್ಥರ್ ವಿಕಾರ್ಸ್ ಕೆಲಸ ಕಳೆದುಕೊಂಡ. ಆಭರಣಗಳು ಇಂದಿಗೂ ಸಿಕ್ಕಿಲ್ಲ. 2019ರ ನವೆಂಬರ್‌ನಲ್ಲಿ ಜರ್ಮನಿಯ ಡ್ರೆಸ್ಡೆನ್ ಅರಮನೆಯಿಂದ ಪೋಲೆಂಡಿನ ‘ಬಿಳಿ ಹದ್ದು’ ಬಳಗದ ವಜ್ರದ ನಕ್ಷತ್ರ ಕಳುವಾದಾಗ ಅದರದೂ ಇದೇ ಗತಿ ಎಂದುಕೊಂಡಿದ್ದೆ. 2022ರ ಡಿಸೆಂಬರ್‌ನಲ್ಲಿ ಅದು ಸಿಕ್ಕಿತು.

ಈ ಹವ್ಯಾಸಕ್ಕೆ ಇಳಿಯಬೇಕೆನ್ನುವ ಕಿರಿಯರಿಗೆ ಒಂದೆರಡು ಮಾತು. ಬರೀ ಲಾಂಛನಕ್ಕಿಂತ ಅದರ ಜೊತೆಗಿನ ಸನ್ನದು ಮುಖ್ಯ. ಬ್ರಿಟಿಷ್ ಯುದ್ಧಪದಕಗಳ ಅಂಚಿನ ಮೇಲೆ ಸೈನಿಕನ ಹೆಸರು ಕೆತ್ತಿರುತ್ತದೆ. ಆರ್ಡರ್‌ಗಳ ಮೇಲೆ ಸಾಮಾನ್ಯವಾಗಿ ಹೆಸರಿರುವುದಿಲ್ಲ. ಕಾಗದ ಹೋದರೆ ಮನುಷ್ಯನೇ ಹೋದ. ಬೆಳ್ಳಿ ಕಪ್ಪಾಯಿತೆಂದು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹುಳಿಗೆ ಗಾಜು ಹೊಳಪು ಕಳೆದುಕೊಳ್ಳುತ್ತದೆ, ತಿಕ್ಕಿಗೆ ಮುದ್ರೆ ಅಳಿಯುತ್ತದೆ. ರಬ್ಬರ್ ಬ್ಯಾಂಡ್ ಸುತ್ತಬೇಡಿ. ಅದರ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಪಿವಿಸಿ ಚೀಲವೂ ಬೇಡ. ಹಳತಾದಂತೆ ಆಮ್ಲ ಬಿಡುತ್ತದೆ. ನೂರು ವರ್ಷ ದಾಟಿದ ಕಲಾವಸ್ತುಗಳನ್ನು ನಮ್ಮ ದೇಶದಿಂದ ಹೊರಗೆ ಮಾರಲು 1972ರ ಪ್ರಾಚ್ಯವಸ್ತು ಕಾಯಿದೆ ಬಿಡುವುದಿಲ್ಲ ಎಂಬುದೂ ನೆನಪಿರಲಿ.

ಫ್ರಾನ್ಸ್ ಸರಕಾರ 1977ಕ್ಕೆ ಮುಂಚೆ ತೀರಿಕೊಂಡ ಲೀಜನ್ ಸದಸ್ಯರ ಕಡತಗಳನ್ನು ಕಂಪ್ಯೂಟರಿನಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಹೆಸರೊಂದು ಗೊತ್ತಿದ್ದರೆ ಹುಟ್ಟಿದ ಊರು, ಕಾದಾಡಿದ ಯುದ್ಧ ಎಲ್ಲವೂ ಸಿಗುತ್ತದೆ. ನನ್ನ ಶಿಲುಬೆಗೆ ಹೆಸರೇ ಇಲ್ಲ.

ಆದರೆ ಆಚಾರ್ರು ಅಂದು ಇನ್ನೊಂದನ್ನೂ ತೋರಿಸಿದ್ದರು. ಹೆನ್ರಿಯ ಬಿಲ್ಲೆಯ ಸುತ್ತಲಿನ ಅಂಚಿನಲ್ಲಿ, ಒಂದೇ ಬದಿಯಲ್ಲಿ, ಮೂರು ಸಣ್ಣ ಗೀರುಗಳು. ಮೊಂಡು ಉಳಿಯಿಂದ ಮೀಟಿದ ಗುರುತು. ‘ಇದನ್ನ ಒಂದ್ಸಲ ಎಬ್ಬಿಸಿ ಕೂರಿಸಿದ್ದಾರೆ ಮೇಷ್ಟ್ರೇ’ ಎಂದಿದ್ದರು. ಹಾಗಿದ್ದರೆ ಅಂಗಡಿಯಾತ ಹೇಳಿದ್ದು ಪೂರಾ ಸುಳ್ಳಲ್ಲ. 1814ಕ್ಕೆ ಮೊದಲು ಈ ಶಿಲುಬೆಯ ನಡುವೆ ನೆಪೋಲಿಯನ್‌ನೇ ಇದ್ದಿರಬಹುದು. ರಿಪೇರಿಗೆಂದು ಯಾರೋ ಹೆನ್ರಿಯನ್ನೇ ಎಬ್ಬಿಸಿ ಮತ್ತೆ ಕೂರಿಸಿದ್ದಿರಲೂಬಹುದು.

ಪ್ರತಿ ವರ್ಷ ಸಾಂದ್ರತೆಯ ಪಾಠದ ದಿನ ಶಿಲುಬೆಯನ್ನು ತರಗತಿಗೆ ಒಯ್ಯುತ್ತೇನೆ. ನನ್ನ 7.6ರ ತಪ್ಪನ್ನೂ ಹಲಗೆಯ ಮೇಲೆ ಬರೆಯುತ್ತೇನೆ. ಹೋದ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು: ‘ಬಿಚ್ಚಿ ನೋಡೋಣ ಸಾರ್, ಹಳೇ ಮುಖದ ಗುರುತು ಒಳಗೆ ಇದ್ದರೂ ಇರಬಹುದು.’ ಇಡೀ ತರಗತಿ ಅವಳ ಪಕ್ಷ. ಆಚಾರ್ರು ಈಗಿಲ್ಲ, ಅವರ ಮಗ ಬಿಚ್ಚಿಕೊಡುತ್ತೇನೆ ಎನ್ನುತ್ತಾನೆ, ಬಿಳಿ ಗಾಜು ಸಿಡಿಯದೆಂದು ಮಾತ್ರ ಭರವಸೆ ಕೊಡುವುದಿಲ್ಲ.

ಸದ್ಯಕ್ಕೆ ಅದು ಪ್ರಯೋಗಾಲಯದ ಬೀರುವಿನಲ್ಲಿ, ಗಾಜಿನ ತಟ್ಟೆಯ ಹತ್ತಿಯ ಮೇಲಿದೆ. ರಿಬ್ಬನ್ ಬೇರೆ ತಟ್ಟೆಯಲ್ಲಿದೆ. ಅದರ ಚೀಟಿಯ ಮೇಲೆ ಮಕ್ಕಳು ‘ನಕಲಿ’ ಎಂದು ಬರೆದಿದ್ದಾರೆ. ಶಿಲುಬೆಯ ಚೀಟಿ ಖಾಲಿ ಇದೆ.